ಅರಿಶಿನದ ಧೈರ್ಯ

ಅರಿಶಿನದಲ್ಲಿ ಗುಣವಿದೆ ಎಂದು ನಾನು ಈಗಲೂ ನಂಬುತ್ತೇನೆ. ವಿಟಮಿನ್ ಇ, ಸೆಲೆನಿಯಂ, ಮೆಥಿಯೊನಿನ್ ಇವುಗಳ ಮೇಲಿನ ನಂಬಿಕೆಯೂ ಹೋಗಿಲ್ಲ. ಬೂಸ್ಟು ಹಿಡಿದ ಕಾಳಿನ ವಿಷ ಹೊಟ್ಟೆಗೆ ಹೋದಾಗ ಕೋಳಿ, ದನಗಳ ಯಕೃತ್ತು ತಡೆದುಕೊಳ್ಳಲು ಇವು ನೆರವಾಗುತ್ತವೆ. ಅದಕ್ಕೆ ಪ್ರಯೋಗಗಳ ಆಧಾರವಿದೆ. ನಾನು ನಂಬಿದ್ದು ನಿಜವನ್ನೇ. ಆ ನಿಜ ಎಂದೂ ಕೊಡದ ಅಪ್ಪಣೆಯೊಂದನ್ನು ಅದರ ಹೆಸರಿನಲ್ಲಿ ನಾನೇ ಪಡೆದುಕೊಂಡೆ. ಅದರ ಫಲವನ್ನು ಮೊದಲು ಕೋಳಿಗಳು ಉಂಡವು, ಆಮೇಲೆ ಆಕಳು, ಆಮೇಲೆ ಆ ಹಾಲು ಕುಡಿದ ಮನೆಗಳು. ನನ್ನ ಹಾಗೆ ಮನೆಯಲ್ಲೇ ಆಹಾರ ಬೆರೆಸಿಕೊಳ್ಳುವವರು ನಮ್ಮ ಸೀಮೆಯಲ್ಲಿ ಬಹಳ ಜನ ಇದ್ದಾರೆ. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆ. ಮುಂಗಾರಿಗೆ ಬಿತ್ತಿದ ಗೋವಿನಜೋಳ ಇಲ್ಲಿ ಕಟಾವಿಗೆ ಬರುವುದು ದಸರಾ, ದೀಪಾವಳಿಗಳ ಆಸುಪಾಸಿನಲ್ಲಿ. ಆಗ ಹಿಂಗಾರು ಮಳೆ ಚೆನ್ನಾಗಿ ಹಿಡಿದರೆ ಕಡಲೆ, ಬಿಳಿಜೋಳ ಬಿತ್ತುವವರಿಗೆ ಸಂತೋಷ. ತೆನೆ ಮುರಿದು ರಾಶಿ ಹಾಕಿಕೊಂಡವರಿಗೆ ಸಂಕಟ. ನಾನು ಹೇಳುತ್ತಿರುವ ವರ್ಷ ಯಂತ್ರ ಬಂದು ಕಾಳು ಬಿಡಿಸಿಕೊಟ್ಟು ಹೋದ ಮೇಲೂ ಮಳೆ ಬಿಡಲಿಲ್ಲ. ಕಾಳನ್ನು ರಸ್ತೆಯ ಮೇಲೆ ಹರವುವುದು, ಮೋಡ ಕವಿದರೆ ಓಡಿಹೋಗಿ ಒಟ್ಟಿ ತಾಡಪತ್ರಿ ಮುಚ್ಚುವುದು, ಬಿಸಿಲು ಮೂಡಿದರೆ ಮತ್ತೆ ಹರವುವುದು. ಬೆಳಿಗ್ಗೆ ತಾಡಪತ್ರಿ ಎತ್ತಿದರೆ ಬೆಚ್ಚನೆಯ ಹಬೆ ಮುಖಕ್ಕೆ ಬಡಿಯುತ್ತಿತ್ತು. ರಾಶಿಯೊಳಗೆ ಕೈ ತೂರಿಸಿದರೆ ಮೊಣಕೈವರೆಗೂ ಕಾವು. ಗೋವಿನಜೋಳವನ್ನು ಚೀಲಕ್ಕೆ ತುಂಬಬೇಕಾದರೆ ತೇವ ಶೇಕಡ 14ಕ್ಕಿಂತ ಕೆಳಗಿಳಿದಿರಬೇಕು, 13ಕ್ಕೆ ಬಂದರೆ ಇನ್ನೂ ಒಳ್ಳೆಯದು. ನಮ್ಮದು ಎಷ್ಟಿತ್ತೋ, ಅಳೆಯಲಿಲ್ಲ. ಒಣಗಿದ ಕಾಳು ಹಲ್ಲಿಗೆ ಕಟ್ಟನೆ ಒಡೆಯಬೇಕು. ಇದು ಮೆತ್ತಗೆ ಒಡೆಯುತ್ತಿತ್ತು. ಅಷ್ಟು ಗೊತ್ತಿದ್ದೂ ಚೀಲ ಹೊಲಿದೆವು.

ಮಾರುಕಟ್ಟೆಯಲ್ಲಿ ಹಸಿ ಕಾಳಿನ ದರ ಬಿದ್ದಿತ್ತು. ಅಂಗಡಿಯಲ್ಲಿ ಸಿಗುವ ಕೋಳಿ ಆಹಾರದ ದರ ಏರಿತ್ತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಕೋಳಿಗಳನ್ನು ಹಿತ್ತಲಿನ ಶೆಡ್ಡಿನಲ್ಲಿ ಸಾಕುತ್ತಿದ್ದ ನನಗೆ ಲೆಕ್ಕ ಸುಲಭವಾಗಿ ಕಂಡಿತು. ನಮ್ಮ ಕಾಳನ್ನು ಮಾರುವುದೇ ಬೇಡ, ಅಕ್ಕಪಕ್ಕದವರದನ್ನೂ ಕಡಿಮೆಗೆ ಕೊಂಡು, ಶೇಂಗಾ ಹಿಂಡಿ, ಸೋಯಾ ಹಿಂಡಿ, ಅಕ್ಕಿ ತೌಡು, ಖನಿಜ ಮಿಶ್ರಣ ಸೇರಿಸಿ ಮನೆಯಲ್ಲೇ ಆಹಾರ ಮಾಡಿಕೊಳ್ಳುವುದು. ಶೇಂಗಾ ಹಿಂಡಿ ಕೂಡ ಅಗ್ಗದ್ದೇ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಬಾಡಿದ ಶೇಂಗಾಕ್ಕೆ ಇದೇ ಬೂಸ್ಟು ನೆಲದೊಳಗಿರುವಾಗಲೇ ತಗಲಿಕೊಳ್ಳುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಗೋವಿನಜೋಳಕ್ಕೆ ಮಳೆ ಹೆಚ್ಚಾಗಿ ಕೇಡು, ಶೇಂಗಾಕ್ಕೆ ಮಳೆ ಇಲ್ಲದೆ ಕೇಡು. ಎರಡೂ ನನ್ನ ಒಂದೇ ಬುಟ್ಟಿಗೆ ಬಂದು ಬಿದ್ದವು.

ಅವ್ವ ಚೀಲದ ಬಾಯಿಗೆ ಮೂಗು ಹಿಡಿದು ಹೇಳಿದಳು: "ಮುಗ್ಗು ವಾಸನಿ ಬರಾಕತ್ತೈತಿ. ಕೋಳಿಗೆ ಹಾಕಬ್ಯಾಡಪಾ ಇದನ್ನ." ನಾನು ಮೊರದಲ್ಲಿ ಕೇರಿ, ಬಿಸಿಲಿಗೆ ಇನ್ನೊಮ್ಮೆ ಹರವಿ, ವಾಸನೆ ಕಡಿಮೆಯಾಯಿತು ಎಂದುಕೊಂಡು ಗಿರಣಿಗೆ ಒಯ್ದೆ.

ಮೊದಲು ಸುಳಿವು ಕೊಟ್ಟದ್ದು ಮರಿಗಳ ಕಾಲು. ಹಳದಿ ಕಾಲಿನ ಮರಿಗಳು ಬಿಳಿಚಿಕೊಳ್ಳತೊಡಗಿದವು. ಗೋವಿನಜೋಳದಲ್ಲಿರುವ ಹಳದಿ ಬಣ್ಣವೇ ಕೋಳಿಯ ಕಾಲಿಗೂ ಮೊಟ್ಟೆಯ ಭಂಡಾರಕ್ಕೂ ಹೋಗುವುದು. ಹೊಟ್ಟೆ ತುಂಬ ಗೋವಿನಜೋಳ ತಿಂದೂ ಕಾಲು ಬೆಳ್ಳಗಾಗುತ್ತಿದೆ ಎಂದರೆ ಕರುಳು ಅದನ್ನು ಹೀರಿಕೊಳ್ಳುತ್ತಿಲ್ಲ ಎಂದರ್ಥ. ನನಗೆ ಅದು ಹೊಳೆಯಲಿಲ್ಲ. ಒಂದೇ ದಿನ ತಂದ ಮರಿಗಳಲ್ಲಿ ಕೆಲವು ದೊಡ್ಡವು, ಕೆಲವು ಮುಷ್ಟಿಯಷ್ಟೇ ಉಳಿದವು. ಗರಿ ಕೆದರಿಕೊಂಡು ಮೂಲೆ ಹಿಡಿದವು. ಆಮೇಲೆ ಬೆಳಿಗ್ಗೆ ಬಾಗಿಲು ತೆರೆದರೆ ಸತ್ತ ಮರಿಗಳು.

ತಾಲ್ಲೂಕಿನಿಂದ ಬಂದ ಪಶುವೈದ್ಯರು ಶೆಡ್ಡಿನ ಹಿಂದೆ ಖಾಲಿ ಚೀಲ ಹಾಸಿಕೊಂಡು ಆಗಷ್ಟೇ ಸತ್ತಿದ್ದ ಒಂದು ಮರಿಯನ್ನು ಕೊಯ್ದರು. ಆರೋಗ್ಯದ ಮರಿಯ ಯಕೃತ್ತು ಕಡುಕಂದು ಬಣ್ಣದ್ದು, ಅಂಚು ತೆಳ್ಳಗಿರುತ್ತದೆ. ಇದರದು ಉಬ್ಬಿತ್ತು, ಅಂಚು ದಪ್ಪಗಾಗಿ ಮೊಂಡಾಗಿತ್ತು, ಬಣ್ಣ ಮಾಸಲು ಹಳದಿ. ಬ್ಲೇಡು ಆಡಿಸಿದಾಗ ಅಲಗಿನ ಎರಡೂ ಬದಿಗೆ ಜಿಡ್ಡು ಮೆತ್ತಿಕೊಂಡಿತು. ಹೆಬ್ಬೆರಳಿನಿಂದ ಒತ್ತಿದರೆ ಯಕೃತ್ತು ತುಂಡುತುಂಡಾಗಿ ಕೈಗೆ ಬಂತು. ಪಿತ್ತಕೋಶ ಬಿಗಿದುಕೊಂಡು ಹಿಗ್ಗಿತ್ತು. ತೊಡೆಯ ಚರ್ಮ ಸುಲಿದು ತೋರಿಸಿದರು. ಮಾಂಸದ ಮೇಲೆ ಅಲ್ಲಲ್ಲಿ ರಕ್ತದ ಚುಕ್ಕೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಮಾಡುವುದು ಯಕೃತ್ತೇ. ಅದು ಕೈಚೆಲ್ಲಿದರೆ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಸೋರುತ್ತದೆ.

"ಗೋವಿನಜೋಳ ಒಂದ್ ಹಿಡಿ ತರ್ರಿ ನೋಡೋಣ" ಎಂದರು. ನೋಡಲು ಚೆನ್ನಾಗಿಯೇ ಇದ್ದ ಒಂದು ಕಾಳನ್ನು ಆರಿಸಿಕೊಂಡು, ಮೊಳಕೆ ಇರುವ ಕಡೆ ಉಗುರಿನಿಂದ ಸಿಪ್ಪೆ ಎಬ್ಬಿಸಿದರು. ಅಡಿಯಲ್ಲಿ ಹಸಿರು-ಹಳದಿ ಪುಡಿ ಕೂತಿತ್ತು. "ಇದರ ಮ್ಯಾಲಿನ ಬೂಸ್ಟು ತೊಳದ್ರ ಹೋಗತೈತ್ರಿ. ಒಳಗ ಬಿಟ್ಟ ವಿಷ ಹೋಗೂದಿಲ್ಲ. ಕುದಿಸಿದ್ರೂ ಹುರದ್ರೂ ಪೂರಾ ಹೋಗೂದಿಲ್ಲ. ಇದನ್ನ ಬಿಟ್ಟಬಿಡ್ರಿ."

ಆ ಪುಡಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರದ್ದು, ಅದು ಬಿಡುವ ವಿಷ ಅಫ್ಲಾಟಾಕ್ಸಿನ್. ಜಗತ್ತಿಗೆ ಅದು ಗೊತ್ತಾದದ್ದೂ ಕೋಳಿಮನೆಯಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಸತ್ತವು. ಕಾರಣ ತಿಳಿಯದೆ ಅದಕ್ಕೆ ಟರ್ಕಿ ಎಕ್ಸ್ ರೋಗ ಎಂದು ಹೆಸರಿಟ್ಟರು. ಹುಡುಕುತ್ತ ಹೋದಾಗ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ಸಿಕ್ಕಿತು. ಕೆಲವೇ ವರ್ಷಗಳ ನಂತರ, 1966ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಇದೇ ವಿಷಕ್ಕೆ ಬಲಿಯಾದವು. ಅಲ್ಲೂ ಶೇಂಗಾ ಹಿಂಡಿಯೇ. ನಮ್ಮ ನೆಲದಲ್ಲೇ ನಡೆದು ದಾಖಲಾದ ಸಂಗತಿ ಇಷ್ಟು ವರ್ಷಗಳ ಮೇಲೂ ಹಿಂಡಿ ಮಾರುವ ಅಂಗಡಿಯವರೆಗೆ, ನನ್ನಂಥವನ ಶೆಡ್ಡಿನವರೆಗೆ ಬಂದಿರಲಿಲ್ಲ ಎಂಬುದು ನನ್ನನ್ನು ಈಗಲೂ ನೋಯಿಸುತ್ತದೆ.

ವೈದ್ಯರು 'ಬಿಟ್ಟುಬಿಡಿ' ಎಂದ ಕಾಳು ಮಾತ್ರ ಗೋಡೆಯ ಉದ್ದಕ್ಕೂ ಒಟ್ಟಿಕೊಂಡು ನಿಂತಿತ್ತು. ಅಷ್ಟು ದುಡ್ಡು ಅದರಲ್ಲಿ ಹೂಡಿದ್ದೆ. ಬಿಡುವ ದಾರಿ ಹುಡುಕಲಿಲ್ಲ, ಬಳಸುವ ದಾರಿ ಹುಡುಕಿದೆ. ಹುಡುಕಿದವನಿಗೆ ಸಿಕ್ಕಿತು.

ಅಫ್ಲಾಟಾಕ್ಸಿನ್ ಬಿ1 ಯಕೃತ್ತಿಗೆ ಹೋದಾಗ ಆಗುವುದೇನು ಎಂದು ಓದಿದೆ. ಬಂದ ಪರಕೀಯ ವಸ್ತುವನ್ನು ಹೊರಹಾಕಲು ಯಕೃತ್ತಿನ ಕಿಣ್ವಗಳು ಅದನ್ನು ಮಾರ್ಪಡಿಸುತ್ತವೆ. ಹಾಗೆ ಮಾರ್ಪಡಿಸುವಾಗಲೇ ಎಪಾಕ್ಸೈಡ್ ಎಂಬ ಬಹಳ ಚುರುಕಾದ ರೂಪ ಹುಟ್ಟುತ್ತದೆ. ಅದು ಜೀವಕೋಶದ ಡಿಎನ್‌ಎಗೂ ಪ್ರೋಟೀನುಗಳಿಗೂ ಹೋಗಿ ಅಂಟಿಕೊಳ್ಳುತ್ತದೆ. ಅದನ್ನು ಹಿಡಿದು ನಿರುಪದ್ರವಿ ಮಾಡುವುದು ಗ್ಲುಟಾಥಯೋನ್. ವಿಷ ದಿನವೂ ಬರುತ್ತಿದ್ದರೆ ಗ್ಲುಟಾಥಯೋನ್ ದಾಸ್ತಾನು ಬರಿದಾಗುತ್ತದೆ, ಕೋಶಗಳ ಪೊರೆಯ ಕೊಬ್ಬು ಆಕ್ಸಿಡೀಕರಣಗೊಂಡು ಹಾಳಾಗುತ್ತದೆ. ಆಂಟಿಆಕ್ಸಿಡೆಂಟ್‌ಗಳ ಕೆಲಸ ಇರುವುದು ಇಲ್ಲಿ. ವಿಟಮಿನ್ ಇ ಆ ಪೊರೆಯಲ್ಲೇ ಇದ್ದು ಕಾಯುತ್ತದೆ. ಸೆಲೆನಿಯಂ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಭಾಗ. ಗಂಧಕವಿರುವ ಮೆಥಿಯೊನಿನ್, ಸಿಸ್ಟೀನ್‌ಗಳಿಂದ ದೇಹ ಹೊಸ ಗ್ಲುಟಾಥಯೋನ್ ಕಟ್ಟಿಕೊಳ್ಳುತ್ತದೆ. ಸಾಕಿದ ಟರ್ಕಿಗಳು ಅಷ್ಟು ಸುಲಭವಾಗಿ ಸಾಯಲು ಕಾರಣ, ಎಪಾಕ್ಸೈಡನ್ನು ಗ್ಲುಟಾಥಯೋನ್‌ಗೆ ಜೋಡಿಸುವ ಕಿಣ್ವ ಅವುಗಳ ಯಕೃತ್ತಿನಲ್ಲಿ ಕೆಲಸ ಮಾಡದಿರುವುದು. ಅಮೆರಿಕದ ಯೂಟಾದಲ್ಲಿ ರೋಜರ್ ಕೂಲಂಬ್ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಬಿಎಚ್‌ಟಿ ಎಂಬ ಆಂಟಿಆಕ್ಸಿಡೆಂಟನ್ನು ಆಹಾರದಲ್ಲಿ ಕೊಟ್ಟರೆ ಟರ್ಕಿಗಳಿಗೆ ರಕ್ಷಣೆ ಸಿಗುತ್ತದೆ ಎಂಬುದನ್ನೂ ಕಂಡರು.

ನನ್ನನ್ನು ಗೆದ್ದದ್ದು ಮನೆಯ ಡಬ್ಬಿಯಲ್ಲೇ ಇರುವ ಅರಿಶಿನ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿ ಎನ್.ಕೆ.ಎಸ್. ಗೌಡ ಅವರು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದವರ ಜೊತೆ ನಡೆಸಿದ ಪ್ರಯೋಗವೊಂದು 2008ರಲ್ಲಿ ಪ್ರಕಟವಾಗಿದೆ. ಬ್ರಾಯ್ಲರ್ ಮರಿಗಳ ಆಹಾರಕ್ಕೆ ಕೆಜಿಗೆ 1 ಮಿಲಿಗ್ರಾಂ ಅಫ್ಲಾಟಾಕ್ಸಿನ್ ಬಿ1 ಬೆರೆಸಿ, ಕೆಲವು ಗುಂಪುಗಳಿಗೆ ಶೇಕಡ 0.5ರಷ್ಟು ಅರಿಶಿನ ಪುಡಿ, ಕೆಲವಕ್ಕೆ ವಿಷ ಹೀರುವ ಒಂದು ಜೇಡಿ ಖನಿಜ, ಕೆಲವಕ್ಕೆ ಎರಡನ್ನೂ ಕೊಟ್ಟು ನೋಡಿದ್ದರು. ಅರಿಶಿನ ತಿಂದ ಮರಿಗಳ ತೂಕ ಸುಧಾರಿಸಿತು, ಯಕೃತ್ತಿನ ಆಂಟಿಆಕ್ಸಿಡೆಂಟ್ ಸ್ಥಿತಿ ಉತ್ತಮವಾಯಿತು. ನಮ್ಮವರೊಬ್ಬರು ಮಾಡಿದ ಕೆಲಸ, ನಮ್ಮ ಅಡುಗೆಮನೆಯ ವಸ್ತು. ಎಂಥ ಹೆಮ್ಮೆಯಿಂದ ಓದಿದೆ! ಆ ಹೆಮ್ಮೆ ಇಂದಿಗೂ ಇದೆ. ಓದಿದ ರೀತಿ ಮಾತ್ರ ಸರಿ ಇರಲಿಲ್ಲ.

ಆ ಪ್ರಯೋಗದ ಅರಿಶಿನದಲ್ಲಿ ಕರ್ಕ್ಯುಮಿನ್ ಎಷ್ಟಿದೆ ಎಂದು ಅಳೆದಿದ್ದರು. ಉಳಿದ ಆಹಾರ ಶುದ್ಧವಾಗಿತ್ತು, ಪೋಷಕಾಂಶ ಯಾವುದೂ ಕಡಿಮೆ ಇರಲಿಲ್ಲ. ಬೆರೆಸಿದ್ದು ಎಷ್ಟೆಂದು ಗೊತ್ತಿದ್ದ ಒಂದೇ ವಿಷವನ್ನು. ಪ್ರಯೋಗ ನಡೆದದ್ದು ಮರಿಗಳಿಗೆ ಮೂರು ವಾರ ಆಗುವವರೆಗೆ. ನನ್ನ ಚೀಲದಲ್ಲಿ ಎಷ್ಟು ವಿಷವಿತ್ತೋ ನನಗೆ ಗೊತ್ತಿರಲಿಲ್ಲ, ಒಂದೇ ವಿಷವಿತ್ತೆಂದೂ ಹೇಳುವಂತಿರಲಿಲ್ಲ. ಮಳೆಗೆ ಸಿಕ್ಕ ಗೋವಿನಜೋಳದಲ್ಲಿ ನಸುಗೆಂಪು ಬೂಸ್ಟು ಹಿಡಿಸುವ ಫ್ಯುಸೇರಿಯಂ ಕೂಡ ಇರುತ್ತದೆ. ಅದರ ವಿಷ ಫ್ಯುಮೊನಿಸಿನ್. 1995ರಲ್ಲಿ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಅಕಾಲದ ಮಳೆಗೆ ನೆನೆದ ಜೋಳ, ಗೋವಿನಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಹಿಡಿದದ್ದು ಅದರಿಂದಲೇ. ಇನ್ನೊಂದು ಮಾತು ನಾನು ಪೂರ್ತಿ ಮರೆತಿದ್ದೆ. ಬೂಸ್ಟು ಕಾಳಿಗೆ ವಿಷ ಸೇರಿಸುವುದಷ್ಟೇ ಅಲ್ಲ, ಕಾಳಿನ ಕೊಬ್ಬನ್ನೂ ವಿಟಮಿನ್‌ಗಳನ್ನೂ ತಿಂದುಹಾಕುತ್ತದೆ. ಕಮಟಿದ ಕೊಬ್ಬು ಇದ್ದಬದ್ದ ವಿಟಮಿನ್ ಇಯನ್ನೂ ಸುಟ್ಟುಬಿಡುತ್ತದೆ. ಹೀಗಾಗಿ ಯಾವ ಆಹಾರಕ್ಕೆ ಆಂಟಿಆಕ್ಸಿಡೆಂಟ್ ಹೆಚ್ಚು ಬೇಕೋ ಅದರಲ್ಲೇ ಅದು ಎಲ್ಲಕ್ಕಿಂತ ಕಡಿಮೆ.

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಬೇರೆ ಇತ್ತು. ಜೇಡಿ ಖನಿಜ, ಅಂದರೆ ಅಂಗಡಿಯವರು ಟಾಕ್ಸಿನ್ ಬೈಂಡರ್ ಎಂದು ಮಾರುವ ಪುಡಿ, ಅಫ್ಲಾಟಾಕ್ಸಿನನ್ನು ಕರುಳಿನಲ್ಲೇ ಹಿಡಿದು ಹಿಕ್ಕೆಯ ಜೊತೆ ಹೊರಗೆ ಕಳಿಸುತ್ತದೆ. ವಿಷ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಅರಿಶಿನವಾಗಲಿ ವಿಟಮಿನ್ ಇ ಆಗಲಿ ಹಾಗೆ ಮಾಡುವುದಿಲ್ಲ. ಅವು ಕೆಲಸ ಶುರುಮಾಡುವುದು ವಿಷ ಒಳಗೆ ಹೋದ ಮೇಲೆ. ಹಾನಿಯನ್ನು ಕುಗ್ಗಿಸುತ್ತವೆ, ಆಹಾರದಲ್ಲಿರುವ ವಿಷದಲ್ಲಿ ಒಂದು ಚೂರನ್ನೂ ಕಡಿಮೆ ಮಾಡುವುದಿಲ್ಲ. ಈ ಒಂದು ವ್ಯತ್ಯಾಸ ತಲೆಗೆ ಹೋಗಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಹೊಸ ಮರಿಗಳು ಬಂದವು. ಅದೇ ಗೋವಿನಜೋಳವನ್ನು ಜರಡಿ ಹಿಡಿದು, ಒಳ್ಳೆಯ ಕಾಳಿನ ಜೊತೆ ಬೆರೆಸಿ, ಸಂತೆಯಲ್ಲಿ ಕೊಂಡ ಅರಿಶಿನ ಪುಡಿ ಕಲಸಿ, ನೀರಿಗೆ ವಿಟಮಿನ್ ಇ-ಸೆಲೆನಿಯಂ ದ್ರಾವಣ ಮತ್ತು ಲಿವರ್ ಟಾನಿಕ್ ಹಾಕಿ ಕೊಟ್ಟೆ. ಸಾವು ಕಡಿಮೆಯಾಯಿತು. ಮರಿಗಳು ಬೆಳೆದವು. ನಾನು ನಾಲ್ಕು ಜನರಿಗೆ ಇದನ್ನೇ ಉಪದೇಶ ಮಾಡಿದೆ, ಅಳತೆಯನ್ನೂ ಬರೆದುಕೊಟ್ಟೆ. ಜರಡಿಯಲ್ಲಿ ನುಚ್ಚು, ದೂಳು ಹೋದದ್ದರಿಂದ, ಒಳ್ಳೆಯ ಕಾಳು ಬೆರೆತದ್ದರಿಂದ ವಿಷವೇ ಕಡಿಮೆಯಾಗಿರಬಹುದು ಎಂಬ ಯೋಚನೆ ಬರಲಿಲ್ಲ. ಒಡೆದ ಕಾಳಿನಲ್ಲಿ, ದೂಳಿನಲ್ಲಿ ವಿಷ ಹೆಚ್ಚು ಸೇರಿಕೊಂಡಿರುತ್ತದೆ. ಕೀರ್ತಿಯನ್ನೆಲ್ಲ ಅರಿಶಿನಕ್ಕೆ ಕೊಟ್ಟೆ.

ಬೇಸಿಗೆಯ ಹೊತ್ತಿಗೆ ಊರಿಗೆ ರಾಣಿಖೇತ್ ರೋಗ ಬಂತು. ನಮ್ಮ ಕೋಳಿಗಳಿಗೆ ಲಸಿಕೆ ಆಗಿತ್ತು, ಸಮಯಕ್ಕೆ ಸರಿಯಾಗಿ ಆಗಿತ್ತು. ಆದರೂ ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತ ಬಿದ್ದವು. ಅದೇ ಲಸಿಕೆ ಹಾಕಿಸಿದ್ದ ಪಕ್ಕದ ಮನೆಯವರ ಕೋಳಿಗಳು ಬಹುಪಾಲು ಉಳಿದುಕೊಂಡವು. ಅಫ್ಲಾಟಾಕ್ಸಿನ್ ಕೊಲ್ಲುವಷ್ಟು ಇಲ್ಲದಿದ್ದರೂ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ, ಲಸಿಕೆ ಕೊಟ್ಟರೂ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ನನ್ನ ಶೆಡ್ಡಿನಲ್ಲಿ ಆದದ್ದು ಪೂರ್ತಿ ಅದರಿಂದಲೇ ಎಂದು ಸಾಬೀತು ಮಾಡಲು ನನ್ನಲ್ಲಿ ಏನೂ ಇಲ್ಲ. ವೈದ್ಯರು ಒಂದನ್ನೇ ಕೇಳಿದರು: "ಆ ಗೋವಿನಜೋಳ ಏನ್ ಮಾಡಿದ್ರಿ?" ಹಾಕುತ್ತಿದ್ದೇನೆ ಎಂದೆ. ಅರಿಶಿನದ ಕತೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಸೆಲೆನಿಯಂ ಎಷ್ಟು ಹಾಕುತ್ತೀರಿ ಎಂದು ಕೇಳಿ, ನಾನು ಹೇಳಿದ ಅಳತೆಗೆ ಗಾಬರಿಯಾದರು. ಕೋಳಿಗೆ ಬೇಕಾದದ್ದು ಆಹಾರದ ಒಂದು ಕೆಜಿಗೆ ಮಿಲಿಗ್ರಾಮಿನ ಹತ್ತರಲ್ಲಿ ಒಂದೆರಡು ಭಾಗ. ಅಳತೆ ಮೀರಿದರೆ ಸೆಲೆನಿಯಂ ತಾನೇ ವಿಷವಾಗುತ್ತದೆ.

ಅಲ್ಲಿಗೆ ಕೋಳಿಗಳಿಗೆ ಆ ಕಾಳು ನಿಲ್ಲಿಸಿದೆ. ನಿಲ್ಲಿಸಿ, ಆಕಳಿಗೆ ಹಾಕಿದೆ.

ಇದನ್ನು ಬರೆಯುವುದು ನನಗೆ ಕಷ್ಟ. ದನಕ್ಕೆ ನಾಲ್ಕು ಹೊಟ್ಟೆ, ಮೆಲುಕು ಹಾಕುವಾಗ ಒಳಗಿನ ಸೂಕ್ಷ್ಮಜೀವಿಗಳು ಎಂಥ ವಿಷವನ್ನೂ ಅರಗಿಸಿಬಿಡುತ್ತವೆ ಎಂದು ಎಲ್ಲೋ ಓದಿದ್ದೆ. ಆಕ್ರಾಟಾಕ್ಸಿನ್‌ನಂಥ ಕೆಲವು ವಿಷಗಳ ಮಟ್ಟಿಗೆ ಅದು ನಿಜ. ಅಫ್ಲಾಟಾಕ್ಸಿನ್ ಬಹುಪಾಲು ಹಾಗೇ ದಾಟಿಕೊಂಡು ಹೋಗುತ್ತದೆ. ಎಚ್‌.ಎಫ್. ಮಿಶ್ರತಳಿಯ ನಮ್ಮ ಆಕಳಿಗೆ ಗೋವಿನಜೋಳದ ನುಚ್ಚು, ಅದರ ಮೇಲೆ ಒಂದು ಹಿಡಿ ಅರಿಶಿನ. ದಾಣಿ ಖಾಲಿಯಾಗುತ್ತಿತ್ತು. ಮೈ ಹೊಳಪು ಹಾಗೇ ಇತ್ತು. ಹಾಲು ಸ್ವಲ್ಪ ಇಳಿದಂತೆ ಕಂಡರೂ ಬಿಸಿಲಿನ ದಿನಗಳೆಂದು ಸುಮ್ಮನಿದ್ದೆ. ಆಕಳು ಚೆನ್ನಾಗಿದೆ, ಅಂದಮೇಲೆ ಮೇವು ಚೆನ್ನಾಗಿದೆ: ನನ್ನ ತರ್ಕ ಇಷ್ಟೇ. ಊರಿನ ಡೈರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡುತ್ತಿದ್ದರು, ಎರಡೂ ಸರಿಯಾಗಿರುತ್ತಿದ್ದವು. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಲ್ಲಿಗೆ ಹಾಕುತ್ತಿದ್ದೆವು. ಆಗ ತಂಗಿ ಬಾಣಂತನಕ್ಕೆ ಬಂದಿದ್ದಳು. ಅವಳ ಹಿರಿಯ ಮಗು ಎರಡು ಹೊತ್ತೂ ಆ ಹಾಲನ್ನೇ ಕುಡಿಯುತ್ತಿತ್ತು.

ಆಕಳ ಗರ್ಭಧಾರಣೆಗೆಂದು ಬಂದ ವೈದ್ಯರು ದಾಣಿಯಲ್ಲಿದ್ದ ಹಳದಿ ನುಚ್ಚನ್ನು ಬೆರಳಲ್ಲಿ ಎತ್ತಿ ನೋಡಿದರು. ಅವರು ಸಿಟ್ಟು ಮಾಡಲಿಲ್ಲ. "ಹಾಲು ಯಾರ್ ಕುಡೀತಾರ್ರಿ ಮನ್ಯಾಗ?" ಎಂದರು.

ಆಮೇಲೆ ಒಂದು ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಆಕಳು ತಿಂದ ಅಫ್ಲಾಟಾಕ್ಸಿನ್ ಬಿ1ರಲ್ಲಿ ಶೇಕಡ 1ರಿಂದ 3ರಷ್ಟು, ಹೆಚ್ಚು ಹಾಲು ಕೊಡುವ ಆಕಳಿನಲ್ಲಿ 6ರವರೆಗೂ, ಎಂ1 ಎಂಬ ರೂಪ ತಾಳಿ ಹಾಲಿಗೆ ಇಳಿಯುತ್ತದೆ. ಕೆಜಿಗೆ 200 ಮೈಕ್ರೊಗ್ರಾಂ ವಿಷವಿರುವ ಕಾಳನ್ನು ದಿನಕ್ಕೆ 4 ಕೆಜಿ ಹಾಕಿದರೆ 800 ಮೈಕ್ರೊಗ್ರಾಂ ಹೊಟ್ಟೆಗೆ ಹೋಯಿತು. ಅದರಲ್ಲಿ ಶೇಕಡ 2 ಎಂದರೆ 16. ಆಕಳು 10 ಲೀಟರ್ ಕೊಟ್ಟರೆ ಲೀಟರಿಗೆ 1.6. ನಮ್ಮ ದೇಶದಲ್ಲಿ ಹಾಲಿಗೆ ಇರುವ ಮಿತಿ ಕೆಜಿಗೆ 0.5 ಮೈಕ್ರೊಗ್ರಾಂ, ಯುರೋಪಿನಲ್ಲಿ ಅದರ ಹತ್ತನೇ ಒಂದು ಭಾಗ. ಪಶು ಆಹಾರಕ್ಕೆ ಕೆಜಿಗೆ 20 ಮೈಕ್ರೊಗ್ರಾಮಿನ ಮಿತಿ ಇಟ್ಟಿರುವುದು ಯಾಕೆ ಎಂದು ಆ ಹಾಳೆ ನೋಡಿದಾಗ ಅರ್ಥವಾಯಿತು. ನನ್ನ ಕಾಳಿನಲ್ಲಿ ಎಷ್ಟಿತ್ತು ಎಂಬುದು ಯಾರಿಗೂ ಗೊತ್ತಿಲ್ಲ, ನಾನು ಪರೀಕ್ಷೆ ಮಾಡಿಸಿರಲಿಲ್ಲ. ಹಾಲು ಕಾಯಿಸಿದರೆ ಎಂ1 ಹೋಗುವುದಿಲ್ಲ. ಅರಿಶಿನ ಹಾಕಿದರೆ ಅದು ಹಾಲಿಗೆ ಇಳಿಯುವುದು ನಿಲ್ಲುತ್ತದೆಂದು ನೆಚ್ಚುವಂತಿಲ್ಲ. ಆಕಳಿನ ಯಕೃತ್ತು ಒಂದಿಷ್ಟು ತಡೆದುಕೊಂಡು ಅದು ಮೈ ತುಂಬಿಕೊಂಡೇ ಇದ್ದರೆ, ಹಾಲಿನ ಮೇಲೆ ನನಗೆ ಅನುಮಾನವೇ ಹುಟ್ಟುವುದಿಲ್ಲ. ನನ್ನ ಮನೆಯಲ್ಲಿ ಆದದ್ದು ಅದೇ.

ಅಫ್ಲಾಟಾಕ್ಸಿನ್‌ಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವೆಂದು ಗುರುತಿಸಿರುವ ಮೊದಲ ಗುಂಪಿನಲ್ಲಿವೆ. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾನ್ಸವಾಡಾ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ಕೆಟ್ಟ ಗೋವಿನಜೋಳವನ್ನೇ ಉಂಡು 397 ಮಂದಿ ಕಾಮಾಲೆಗೆ ಬಿದ್ದರು, 106 ಮಂದಿ ಸತ್ತರು. ಆ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ ಬಂದಿತ್ತು. ಹಾಲಿನಲ್ಲಿ ಬರುವ ಪ್ರಮಾಣಕ್ಕೂ ಅದಕ್ಕೂ ಹೋಲಿಕೆಯಿಲ್ಲ, ನಿಜ. ಆದರೆ ಆ ರಾತ್ರಿ ನನಗೆ ಹೋಲಿಕೆ ಮಾಡುವ ಸಮಾಧಾನ ಇರಲಿಲ್ಲ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ 368ರಲ್ಲಿ ಎಂ1 ಮಿತಿ ಮೀರಿತ್ತು. ಅದು ಬಂದದ್ದು ಮೇವಿನಿಂದ, ಪಶು ಆಹಾರದಿಂದ ಎಂದು ಪ್ರಾಧಿಕಾರವೇ ಹೇಳಿತು. ಅಂದರೆ ನನ್ನಂಥವರ ದಾಣಿಯಿಂದ.

ಆಕಳಿಗೆ ಶುದ್ಧ ಮೇವು ಹಾಕಿದ ಮೇಲೆ ನಾಲ್ಕೈದು ದಿನದಲ್ಲಿ ಹಾಲು ತಿಳಿಯಾಗುತ್ತದೆ ಎಂದು ವೈದ್ಯರು ಧೈರ್ಯ ಹೇಳಿದರು. ಅಷ್ಟು ದಿನ ಮನೆಗೂ ಡೈರಿಗೂ ಹಾಲು ಕೊಡಲಿಲ್ಲ. ತಂಗಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದಳು: "ಗೊತ್ತಿದ್ದೂ ಹಾಕಿದೇನು ಅಣ್ಣಾ?" ಪೂರ್ತಿ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಕೋಳಿಗೆ ಬೇಡವೆಂದು ತೆಗೆದಿಟ್ಟ ಕಾಳು ಅದು ಎಂಬುದು ಅವಳಿಗೂ ಗೊತ್ತಿತ್ತು.

ಇಷ್ಟಾದ ಮೇಲೂ ಉಳಿದ ಚೀಲಗಳನ್ನು ನಾನು ಮಾರಿದೆ. ಕೆಟ್ಟ ಕಾಳು ಕೊಳ್ಳುವ ಒಬ್ಬರು ಟೆಂಪೊ ತಂದು ನಿಲ್ಲಿಸಿದರು. ಎದಕ್ಕೆ ಒಯ್ಯುತ್ತೀರಿ ಎಂದೆ. "ಫೀಡಿಗೆ ಹೋಗತೈತ್ರಿ" ಎಂದರು. ಯಾವ ಊರಿನ ಫೀಡಿಗೆ ಎಂದು ಮುಂದೆ ಕೇಳಲಿಲ್ಲ, ದುಡ್ಡು ಎಣಿಸಿಕೊಂಡೆ. ಕೋಳಿಗಳ ವಿಚಾರದಲ್ಲಿ, ಆಕಳಿನ ವಿಚಾರದಲ್ಲಿ ಅರೆಬರೆ ತಿಳಿವಳಿಕೆಯ ನೆಪವಾದರೂ ಇತ್ತು. ಇಲ್ಲಿ ಅದೂ ಇಲ್ಲ. ಆ ಹೊತ್ತಿಗೆ ನನಗೆ ಎಲ್ಲವೂ ಗೊತ್ತಿತ್ತು.

ಈಗ ನಾನು ಮಾಡುವುದರಲ್ಲಿ ಹೊಸದೇನೂ ಇಲ್ಲ. ಕಾಳು ಚೀಲಕ್ಕೆ ಹೋಗುವ ಮುನ್ನ ಒಣ ಗಾಜಿನ ಬಾಟಲಿಯಲ್ಲಿ ಒಂದು ಹಿಡಿ ಕಾಳು, ಸ್ವಲ್ಪ ಒಣ ಉಪ್ಪು ಹಾಕಿ ಅಲುಗಾಡಿಸಿ ಇಡುತ್ತೇನೆ; ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ ಇನ್ನೂ ಹೆಚ್ಚಿದೆ ಎಂದು ಮತ್ತೆ ಹರವುತ್ತೇನೆ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಒಟ್ಟುತ್ತೇನೆ. ಒಡೆದ ಕಾಳು, ದೂಳನ್ನು ಜರಡಿ ಹಿಡಿದು ಬೇರೆ ಮಾಡಿ ಸುಡುತ್ತೇನೆ, ಆಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಹಿಂಡಿ ಕೊಳ್ಳುವಾಗ ಪರೀಕ್ಷೆಯ ಚೀಟಿ ಕೇಳುತ್ತೇನೆ. ಮಾದರಿ ಕಳಿಸುವುದಿದ್ದರೆ ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆಯದೆ, ಹಲವು ಚೀಲಗಳ ಮೇಲಿಂದ, ನಡುವಿಂದ, ತಳದಿಂದ ತೆಗೆದು ಬೆರೆಸಿ ಕಳಿಸುತ್ತೇನೆ. ವಿಷ ರಾಶಿಯೆಲ್ಲ ಸಮವಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಕೂತಿರುತ್ತದೆ. ಒಂದು ಹಿಡಿ ಶುದ್ಧ ಬಂದರೆ ಚೀಲ ಶುದ್ಧ ಎಂದಾಗುವುದಿಲ್ಲ. ಮಳೆಗಾಲದಲ್ಲಿ ವೈದ್ಯರು ಹೇಳಿದ ಅಳತೆಯಲ್ಲಿ ಬೈಂಡರ್ ಬೆರೆಸುತ್ತೇನೆ.

ಅರಿಶಿನವನ್ನೂ ಹಾಕುತ್ತೇನೆ. ನೂರು ಕೆಜಿ ಕೋಳಿ ಆಹಾರಕ್ಕೆ ಅರ್ಧ ಕೆಜಿ. ಒಣ ಕೊಂಬು ಕೊಂಡು, ಅದಕ್ಕೂ ಬೂಸ್ಟು ಹಿಡಿದಿಲ್ಲವೆಂದು ಮುರಿದು ನೋಡಿ, ನಾವೇ ಬೀಸಿಸಿದ ಪುಡಿ. ಎಷ್ಟೇ ಜಾಗ್ರತೆ ಮಾಡಿದರೂ ನಮ್ಮ ಹವೆಯಲ್ಲಿ ಅಲ್ಪಸ್ವಲ್ಪ ವಿಷ ಆಹಾರದಲ್ಲಿ ಉಳಿದೇ ಉಳಿಯುತ್ತದೆ. ಆ ಅಲ್ಪವನ್ನು ತಾಳಿಕೊಳ್ಳಲು ಯಕೃತ್ತಿಗೆ ಅದು ಆಸರೆ. ಮೆಥಿಯೊನಿನ್ ಕಡಿಮೆಯಾಗದಂತೆ ನೋಡಿಕೊಳ್ಳುತ್ತೇನೆ, ವಿಟಮಿನ್ ಇ ಮತ್ತು ಸೆಲೆನಿಯಂ ಖನಿಜ ಮಿಶ್ರಣದಲ್ಲಿ ಇರುವಷ್ಟೇ ಸಾಕು.

ಬಗೆಹರಿಯದೆ ಉಳಿದಿರುವುದು ಆ ಟೆಂಪೊದ ವಿಷಯ. ಮಾರುಕಟ್ಟೆಯಲ್ಲಿ ತೇವ ಅಳೆಯುವ ಯಂತ್ರ ಇರುತ್ತದೆ, ತೇವ ಹೆಚ್ಚಿದ್ದರೆ ದರ ಇಳಿಯುತ್ತದೆ. ಇಳಿದ ದರದ ಕಾಳು ನಾಶವಾಗುವುದಿಲ್ಲ; ಇಳಿದ ದರವೇ ಅದನ್ನು ಬಡವರ ಕೋಳಿಗೂ ದನಕ್ಕೂ ಮುಟ್ಟಿಸುತ್ತದೆ. ಕೆಟ್ಟ ಕಾಳನ್ನು ಸುಡು ಎಂದು ಸಾಲ ಮಾಡಿ ಬೆಳೆದ ರೈತನಿಗೆ ಹೇಳುವುದು ಸುಲಭವಲ್ಲ, ನಾನೇ ಸುಡಲಿಲ್ಲ. ಅಫ್ಲಾಟಾಕ್ಸಿನ್ ನೋಡುವ ಪರೀಕ್ಷಾ ಪಟ್ಟಿಗಳು ಈಗ ಸಿಗುತ್ತವೆ, ಕೆಲವೇ ನಿಮಿಷಗಳ ಕೆಲಸ. ಒಬ್ಬೊಬ್ಬ ರೈತ ಕೊಳ್ಳಲು ದುಬಾರಿ, ಹತ್ತಾರು ಮನೆ ಸೇರಿದರೆ ಆಗುತ್ತದೆ. ನಮ್ಮ ಡೈರಿಯ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹಾಲಿನ ವಿಷಯವನ್ನೂ ಟೆಂಪೊದ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಕೆಲವರು ಎದ್ದು ಹೋದರು. ಉಳಿದವರು ಸುಗ್ಗಿಗೆ ಮೊದಲು ಪಟ್ಟಿ ತರಿಸಿ, ಸದಸ್ಯರು ಕೊಳ್ಳುವ ಶೇಂಗಾ ಹಿಂಡಿಯ ಪರೀಕ್ಷೆಯಿಂದ ಶುರುಮಾಡುವುದೆಂದು ಠರಾವು ಬರೆಸಿದ್ದಾರೆ.